ಪಂಡಿತಾ ರಮಾಬಾಯಿ

ಸಹ್ಯಾದ್ರಿಯ ಗಂಗಾಮೂಲದ ಅರಣ್ಯದಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಎಡೆಯಲ್ಲಿ, ಹಿಂದೊಮ್ಮೆ ಒಂದು ಆಶ್ರಮವಿತ್ತು. ಕಾರ್ಕಳದ ಬಳಿಯ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಅಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ತಮ್ಮ ಪತ್ನಿ ಲಕ್ಷ್ಮೀಬಾಯಿಗೂ ಅವರು ಸಂಸ್ಕೃತವನ್ನು ಕಲಿಸಿದರು. ಹೆಂಗಸರಿಗೆ ಆ ವಿದ್ಯೆ ಸಲ್ಲದೆಂದು ಆಕ್ಷೇಪಿಸಿದವರಿಗೆ ಉಡುಪಿಯ ವಿದ್ವಾಂಸರ ಸಭೆಯಲ್ಲಿ ಶಾಸ್ತ್ರಾಧಾರಗಳಿಂದಲೇ ಉತ್ತರವಿತ್ತರು. ಈ ದಂಪತಿಗಳ ಕಿರಿಯ ಮಗಳಾಗಿ ರಮಾಬಾಯಿಯವರು 1858ರ ಏಪ್ರಿಲ್ 23ರಂದು ಜನಿಸಿದರು.

ಮಗುವಿಗೆ ಕೆಲವು ತಿಂಗಳು ತುಂಬುವಷ್ಟರಲ್ಲಿ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಕೂಸನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವನ್ನಿಳಿದನು. ಅಂದಿನಿಂದ ಅವರಿಗೆ ನೆಲೆಯೆಂಬುದಿರಲಿಲ್ಲ. ಪುರಾಣ ಹೇಳುವುದು, ಕೇಳುವವರು ಕೊಟ್ಟಷ್ಟರಲ್ಲಿ ಬದುಕುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು, ಇದೇ ಜೀವನವಾಯಿತು. ನಡೆಯುತ್ತಲೇ ತಾಯಿಯಿಂದ ಕಲಿತ ರಮಾಬಾಯಿಯವರು ಭಾಗವತದ ಸಾವಿರಾರು ಶ್ಲೋಕಗಳನ್ನು ಕಂಠಪಾಠ ಮಾಡಿದರು.

ಬರಗಾಲವು ಈ ಯಾತ್ರಿಕರನ್ನೂ ಬಿಡಲಿಲ್ಲ. 1874ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ ತಾಯಿ, ಆಮೇಲೆ ಅಕ್ಕ. ಆ ದುರ್ದಿನಗಳಲ್ಲಿ ಅವರು ಅಂದು ನಿಜಾಮರ ರಾಜ್ಯಕ್ಕೆ ಸೇರಿದ್ದ ರಾಯಚೂರಿಗೆ ಬಂದರು. ಅಲ್ಲಿ ಆಸರೆಯಿಲ್ಲದೆ, ಬಹು ದಿನ ಉಪವಾಸವಿದ್ದು, ವಾರಗಳನ್ನು ಕಳೆದರು. ಕಡೆಗೆ ಶಾಲೆಯ ಉಪಾಧ್ಯಾಯರೊಬ್ಬರು ಮರುಗಿ, ಉದಾರಿಗಳಿಂದ ನಾಲ್ಕು ಕಾಸು ಕೂಡಿಸಿಕೊಟ್ಟರು. ಆ ಉಪಾಧ್ಯಾಯರ ಉಪಕಾರವಿಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲವೇನೋ.

ಅಣ್ಣನೊಡನೆ ಉತ್ತರ ಭಾರತವನ್ನು ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದಾಗ, ಅಲ್ಲಿಯ ವಿದ್ವಾಂಸರು ಇಪ್ಪತ್ತರ ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ಮೃತನಾದನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. ಎರಡು ವರ್ಷ ತುಂಬುವ ಮುನ್ನವೇ ಕಾಲರಾ ಪತಿಯನ್ನೊಯ್ದಿತು. ಕೈಯಲ್ಲಿ ಮನೋರಮಾ ಎಂಬ ಹಸುಳೆ ಉಳಿಯಿತು.

ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1882ರಲ್ಲಿ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿಯುವ ಅವಕಾಶ ಅವರಿಗೆ ದೊರೆಯಿತು. ಈ ದೇಶದ ಸ್ತ್ರೀಯರು ಪರಪುರುಷರಾದ ವೈದ್ಯರಲ್ಲಿ ತಮ್ಮ ರೋಗವನ್ನು ಹೇಳಿಕೊಳ್ಳಲು ನಾಚಿ ಸಾವನ್ನಪ್ಪುತ್ತಿದ್ದಾರೆ, ಆದ್ದರಿಂದ ವೈದ್ಯಶಾಲೆಗಳ ಬಾಗಿಲನ್ನು ಹೆಂಗಸರಿಗೂ ತೆರೆಯಬೇಕು ಎಂಬುದು ಅವರ ವಾದವಾಗಿತ್ತು. ಮದರಾಸಿನ ವೈದ್ಯಶಾಲೆ 1875ರಲ್ಲಿಯೇ ಸ್ತ್ರೀಯರನ್ನು ಸೇರಿಸಿಕೊಂಡಿತ್ತು. ಆದರೆ ಮುಂಬಯಿ ಪ್ರಾಂತದಲ್ಲಿ ಆ ಬಾಗಿಲು ಇನ್ನೂ ತೆರೆದಿರಲಿಲ್ಲ.

ಇತರರಿಗಾಗಿ ಕೇಳಿದ್ದನ್ನು ತಾವೇ ಕೈಗೊಳ್ಳಲು ಅವರು ನಿಶ್ಚಯಿಸಿದರು. ಪಾಂಡಿತ್ಯವೇನೋ ಇತ್ತು, ಆದರೆ ವೈದ್ಯಶಾಲೆಯು ಬಯಸುವ ಸಿದ್ಧತೆಯೇ ಬೇರೆ. ಅದಕ್ಕೆ ಇಂಗ್ಲಿಷ್ ಬೇಕು, ವಿಜ್ಞಾನ ಬೇಕು, ಹಣ ಬೇಕು. ಪುಣೆಯಲ್ಲೇ ಇಂಗ್ಲಿಷ್ ಕಲಿಯತೊಡಗಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕವನ್ನು ಬರೆದು, ಅದರ ಹಣದಿಂದ ಹಡಗಿನ ಖರ್ಚನ್ನು ಹೊಂದಿಸಿಕೊಂಡರು. 1883ರಲ್ಲಿ ಎರಡು ವರ್ಷದ ಮಗಳೊಡನೆ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಅಲ್ಲಿ ತಾವು ಇಂಗ್ಲಿಷ್ ಕಲಿಯುತ್ತ, ಭಾರತಕ್ಕೆ ಹೊರಡಲಿದ್ದ ಸಂನ್ಯಾಸಿನಿಯರಿಗೆ ಮರಾಠಿ ಕಲಿಸುತ್ತಿದ್ದರು. ಆ ವರ್ಷವೇ ಕ್ರೈಸ್ತಮತವನ್ನೂ ಸ್ವೀಕರಿಸಿದರು. ಇದರಿಂದ ಸ್ವದೇಶದ ಅನೇಕ ಮಿತ್ರರು ದೂರವಾದರು.

ಆದರೆ ಅವರ ಆಸೆಗೆ ಅಡ್ಡಿಯಾದದ್ದು ಹಣವೂ ಅಲ್ಲ, ಭಾಷೆಯೂ ಅಲ್ಲ. ಅವರ ಕಿವಿ ದಿನೇ ದಿನೇ ಮಂದವಾಗುತ್ತಿತ್ತು. ನಾಡಿಯನ್ನು ಬೆರಳಿನಿಂದ ತಿಳಿಯಬಹುದು; ಎದೆಯ ಬಡಿತವನ್ನೂ ಶ್ವಾಸಕೋಶದ ಸೂಕ್ಷ್ಮ ಸದ್ದುಗಳನ್ನೂ ಕಿವಿಯಿಂದಲೇ ಗ್ರಹಿಸಬೇಕು. ಕಿವುಡಿಗೆ ನೆರವಾಗುವ ಇಂದಿನ ವಿದ್ಯುತ್ ಸಾಧನಗಳು ಆಗ ಇರಲಿಲ್ಲ. ವೈದ್ಯ ವ್ಯಾಸಂಗಕ್ಕೆ ಅವರು ಅನರ್ಹರೆಂದು ತೀರ್ಮಾನವಾಯಿತು. ಸಾಗರವನ್ನು ದಾಟಿ ಬಂದ ಉದ್ದೇಶವೇ ಮುರಿದುಬಿತ್ತು. ರಮಾಬಾಯಿಯವರು ಊರಿಗೆ ಹಿಂದಿರುಗಲಿಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿಗೆ ಸೇರಿ ಓದು ಮುಂದುವರಿಸಿದರು, ಅಲ್ಲಿಯೇ ಸಂಸ್ಕೃತವನ್ನೂ ಬೋಧಿಸಿದರು.

ಅದೇ 1883ರಲ್ಲಿ ಅವರ ದೂರದ ಬಂಧುವೊಬ್ಬರು ಅಮೆರಿಕವನ್ನು ತಲಪಿದ್ದರು. ಅವರೇ ಆನಂದೀಬಾಯಿ ಜೋಶಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಕೂಸನ್ನು ಹತ್ತೇ ದಿನಗಳಲ್ಲಿ ಕಳೆದುಕೊಂಡ ತಾಯಿ ಅವರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿಯವರಿಗೆ ಬರೆದ ಅರ್ಜಿಯಲ್ಲಿ ಆನಂದೀಬಾಯಿಯವರು ತಮ್ಮ ಕೊರತೆಗಳನ್ನು ಮುಚ್ಚಿಡಲಿಲ್ಲ. ನಿಯಮಗಳು ಕೇಳುವ ಎಲ್ಲ ಅರ್ಹತೆಗಳೂ ತಮ್ಮಲ್ಲಿಲ್ಲವೆಂದು ಒಪ್ಪಿಕೊಂಡು, ತಮ್ಮ ನಾಡಿನ ಸ್ತ್ರೀಯರಿಗೆ ಚಿಕಿತ್ಸೆ ನೀಡುವ ಸಂಕಲ್ಪವನ್ನು ಮುಂದಿಟ್ಟರು. ಬಾಡ್ಲಿಯವರು ಆ ಸಂಕಲ್ಪಕ್ಕೆ ಬೆಲೆಕೊಟ್ಟು ಪ್ರವೇಶ ನೀಡಿದರು.

1886ರ ಮಾರ್ಚ್ 11ರಂದು ಆನಂದೀಬಾಯಿಯವರಿಗೆ ಪದವಿ ದೊರೆತಾಗ, ಬಾಡ್ಲಿಯವರ ಆಹ್ವಾನದ ಮೇರೆಗೆ ಇಂಗ್ಲೆಂಡಿನಿಂದ ಬಂದ ರಮಾಬಾಯಿಯವರು ಆ ಸಭೆಯಲ್ಲಿ ಕುಳಿತಿದ್ದರು. ತಾವು ಪಡೆಯಲಾಗದ ಪದವಿಯನ್ನು ಮತ್ತೊಬ್ಬರು ಪಡೆಯುವುದನ್ನು ನೋಡಲು ಇಷ್ಟು ದೂರ ಬರುವುದು ಎಲ್ಲರಿಂದ ಆಗುವ ಮಾತಲ್ಲ. ಸಂತೋಷ ಬಹುಕಾಲ ಉಳಿಯಲಿಲ್ಲ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ನೇಮಕ ದೊರೆತಿದ್ದರೂ, ಕ್ಷಯಪೀಡಿತರಾದ ಆನಂದೀಬಾಯಿಯವರು 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ನಿಧನರಾದರು. ಅವರಿಗಿನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

ರಮಾಬಾಯಿಯವರು ಎರಡು ವರ್ಷಕ್ಕೂ ಮಿಕ್ಕಿ ಅಮೆರಿಕದಲ್ಲಿ ಸಂಚರಿಸಿ, ಭಾಷಣ ಮಾಡಿ, ಭಾರತದ ಮೇಲುಜಾತಿಯ ಸ್ತ್ರೀಯರ ಸ್ಥಿತಿಯ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಹಣ ಕೂಡಿಸಿದರು. 1889ರ ಮಾರ್ಚ್ 11ರಂದು, ಆನಂದೀಬಾಯಿಯವರು ಪದವಿ ಪಡೆದು ಮೂರು ವರ್ಷ ತುಂಬಿದ ದಿನ, ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ, ಹಸಿವಿನಿಂದ ಸಾಯುತ್ತಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗೆ ಆಶ್ರಯವಾದ ಮುಕ್ತಿ ಸದನವು ಪುಣೆಯ ಬಳಿಯ ಕೆಡಗಾಂವಿನಲ್ಲಿದೆ. ರಾಯಚೂರಿನಿಂದ ಕಲಬುರಗಿ, ಸೋಲಾಪುರಗಳ ಮೂಲಕ ಪುಣೆಗೆ ಹೋಗುವ ರೈಲುಹಾದಿ ಆ ಊರನ್ನು ಹಾದುಹೋಗುತ್ತದೆ. ಮುಂದೆ ಕಲಬುರಗಿಯಲ್ಲಿಯೂ ಅವರು ಒಂದು ಪ್ರೌಢಶಾಲೆಯನ್ನು ಆರಂಭಿಸಿ, ಅದನ್ನು ಮಗಳು ಮನೋರಮಾಗೆ ಒಪ್ಪಿಸಿದರು. ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರ್ಷ, ಏಪ್ರಿಲ್ 5ರಂದು, ರಮಾಬಾಯಿಯವರು ನಿಧನರಾದರು.