ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ (1832–1903)

ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃವೆಂದು ನಾಡಿನಾದ್ಯಂತ ಪರಿಚಿತರಾದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರು ಈ ನಾಡಿಗೆ ಬಂದದ್ದು ನಿಘಂಟು ರಚನೆಗಾಗಿ ಅಲ್ಲ. ಕ್ರೈಸ್ತ ಧರ್ಮಪ್ರಚಾರಕರಾಗಿ ತರಬೇತಿ ಹೊಂದಿ, ಆ ಕಾರ್ಯಕ್ಕೆಂದೇ ನಿಯುಕ್ತರಾಗಿ, ತಮ್ಮ 21ನೆಯ ವಯಸ್ಸಿನಲ್ಲಿ ಅವರು ಭಾರತಕ್ಕೆ ಆಗಮಿಸಿದರು. ಅವರನ್ನು ಕಳುಹಿಸಿದ ಸಂಸ್ಥೆಯ ದೃಷ್ಟಿಯಲ್ಲಿ ಅವರ ಪ್ರಚಾರಕಾರ್ಯ ಬಹುಕಾಲ ಯಶಸ್ವಿಯೆನಿಸಲಿಲ್ಲ. ನಿಘಂಟಿನ ಹೆಸರಿನಲ್ಲಿ ಅವರನ್ನು ಸ್ಮರಿಸುವ ನಾವು ಈ ಸಂಗತಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಕಿಟ್ಟೆಲ್ ಅವರು 1832ರ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಪುಟ್ಟ ಗ್ರಾಮದಲ್ಲಿ ಜನಿಸಿದರು. ಉತ್ತರ ಸಮುದ್ರದ ತೀರಕ್ಕೆ ಸಮೀಪವಿರುವ ಈ ಪ್ರದೇಶವು ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ತಂದೆ ಅಲ್ಲಿನ ಸಭಾಪಾಲಕರು. (ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಮುದ್ರಣಗೊಂಡದ್ದೂ ಇದೇ 1832ರಲ್ಲಿ ಎಂಬುದು ಒಂದು ಆಕಸ್ಮಿಕ.) ಔರಿಖ್ ಪಟ್ಟಣದ ಪ್ರೌಢಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಪ್ರಾಚೀನ ಭಾಷೆಗಳ ಅಭ್ಯಾಸಕ್ಕೆ ಆ ಕಾಲದ ಇಂತಹ ಶಾಲೆಗಳಲ್ಲಿ ಹೆಚ್ಚಿನ ಮಹತ್ವವಿತ್ತು. ಶಾಲೆ ಮುಗಿದ ಬಳಿಕ ವಿಶ್ವವಿದ್ಯಾನಿಲಯ ಸೇರುವುದು ಅಂತಹ ವಿದ್ಯಾರ್ಥಿಗೆ ಸಹಜವಾದ ಮಾರ್ಗ. ಆದರೆ 1850ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸೆಮಿನರಿಯನ್ನು ಪ್ರವೇಶಿಸಿದರು.

ಬಾಸೆಲ್ ಮಿಷನ್ 1815ರಲ್ಲಿ ಸ್ಥಾಪಿತವಾದ ಸಂಸ್ಥೆ. ಮರುವರ್ಷವೇ ಅದರ ತರಬೇತಿ ಶಾಲೆ ಆರಂಭವಾಯಿತು. ಆಡಳಿತವು ನಗರದ ವರ್ತಕರು, ಗಣ್ಯರು ಹಾಗೂ ಧರ್ಮಗುರುಗಳನ್ನು ಒಳಗೊಂಡ ಒಂದು ಸಮಿತಿಯ ಕೈಯಲ್ಲಿತ್ತು. ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಅವರಿಗೆ ಬೈಬಲ್ ಅಧ್ಯಯನದ ಜೊತೆಗೆ ಗ್ರೀಕ್, ಹೀಬ್ರೂ ಭಾಷೆಗಳನ್ನೂ, ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಿಗೆ ತೆರಳುವವರಿಗೆ ಅಗತ್ಯವಾದ ಇಂಗ್ಲಿಷನ್ನೂ ಕಲಿಸಲಾಗುತ್ತಿತ್ತು. ಕೈಕೆಲಸವೂ ಶಿಕ್ಷಣದ ಭಾಗವಾಗಿತ್ತು. ಧರ್ಮೋಪದೇಶಕನಾಗುವವನು ಮರಗೆಲಸ, ತೋಟದ ಕೆಲಸಗಳನ್ನೂ ಅರಿತಿರಬೇಕೆಂಬುದು ಸಂಸ್ಥೆಯ ನಿಲುವು. ಮಂಗಳೂರಿನಲ್ಲಿ ಮುಂದೆ ನೇಯ್ಗೆ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳು ತಲೆಯೆತ್ತಿದ ಹಿನ್ನೆಲೆಯಲ್ಲಿ ಈ ನಿಲುವಿನ ಪಾಲೂ ಇದೆ.

ಕಿಟ್ಟೆಲ್ ಅವರು ಪ್ರವೇಶ ಪಡೆದ ವರ್ಷವೇ ಯೋಸೆಫ್ ಯೋಸೆನ್‌ಹಾನ್ಸ್ ಎಂಬುವರು ಸಂಸ್ಥೆಯ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡರು. ಇವರು ಕಟ್ಟುನಿಟ್ಟಿನ ಶಿಸ್ತಿಗೆ ಹೆಸರಾದವರು. ವಿದ್ಯಾರ್ಥಿಯು ಯಾವ ದೇಶಕ್ಕೆ ಹೋಗಬೇಕು, ಅಲ್ಲಿ ಯಾವ ಊರಿನಲ್ಲಿರಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಸಮಿತಿಯೇ ತೀರ್ಮಾನಿಸುತ್ತಿತ್ತು. ವಿವಾಹಕ್ಕೂ ಸಮಿತಿಯ ಅನುಮತಿ ಕಡ್ಡಾಯ. ನಿಯುಕ್ತಿಯಾದ ಕೂಡಲೇ ಆ ಅನುಮತಿ ದೊರೆಯುತ್ತಿರಲಿಲ್ಲ. ಇವೆಲ್ಲವನ್ನೂ ಒಪ್ಪಿಯೇ ಯುವಕರು ಒಳಬರುತ್ತಿದ್ದರು. ವಿಧೇಯತೆಯೇ ಇಲ್ಲಿನ ಮೊದಲ ಪಾಠವಾಗಿತ್ತೆಂದರೆ ತಪ್ಪಾಗಲಾರದು. ಕಿಟ್ಟೆಲ್ ಅವರಿಗೆ ಮುಂದೆ ಕಷ್ಟವಾದದ್ದೂ ಇದೇ ಪಾಠ.

ಸಹಪಾಠಿಗಳ ನಡುವೆ ಅವರು ಹೊರಗಿನವರಂತೆ ಇದ್ದರು. ಉಳಿದವರು ದಕ್ಷಿಣದವರು, ಇವರು ಉತ್ತರದವರು. ದಕ್ಷಿಣದ ಸ್ವೇಬಿಯನ್ ಆಡುಮಾತಿಗೂ ಸಮುದ್ರತೀರದ ಕೆಳಜರ್ಮನ್ ಆಡುಮಾತಿಗೂ ಅಂತರ ಬಹಳ. ಇವರ ಶಾಲಾ ಶಿಕ್ಷಣವೂ ಬಹುಪಾಲು ಸಹಪಾಠಿಗಳಿಗಿಂತ ಮೇಲ್ಮಟ್ಟದ್ದು. ಈ ಅಂತರವು ಭಾರತಕ್ಕೆ ಬಂದ ಮೇಲೂ ಅಳಿಯಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಉಲ್ಲೇಖಿಸಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿ 1844ರಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ ಆನಂದರಾವ್ ಕೌಂಡಿನ್ಯ ಅವರು 1846ರಿಂದ 1851ರವರೆಗೆ ಇದೇ ಸೆಮಿನರಿಯ ವಿದ್ಯಾರ್ಥಿಯಾಗಿದ್ದರು. 1851ರಲ್ಲಿ ಧರ್ಮಗುರುವಾಗಿ ದೀಕ್ಷೆ ಪಡೆದು ಅವರು ಊರಿಗೆ ಮರಳಿದರು. ಹಾಗಾಗಿ ಕನ್ನಡ ಕರಾವಳಿಯಿಂದ ಹೋದ ಒಬ್ಬ ವಿದ್ಯಾರ್ಥಿಯೂ, ಕನ್ನಡ ನಾಡಿಗೆ ಬರಲಿದ್ದ ಇನ್ನೊಬ್ಬ ವಿದ್ಯಾರ್ಥಿಯೂ ಸ್ವಲ್ಪ ಕಾಲ ಒಂದೇ ಸಂಸ್ಥೆಯಲ್ಲಿ ಅಭ್ಯಾಸ ಮಾಡಿದಂತಾಯಿತು.

ತರಬೇತಿ ಪೂರೈಸಿದ ಕಿಟ್ಟೆಲ್ ಅವರನ್ನು 1853ರಲ್ಲಿ ಭಾರತಕ್ಕೆ ಕಳುಹಿಸಲಾಯಿತು. ಸೂಯೆಜ್ ಕಾಲುವೆ ಸಂಚಾರಕ್ಕೆ ತೆರೆದುಕೊಳ್ಳಲು ಇನ್ನೂ 16 ವರ್ಷಗಳಿದ್ದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕೆಲಸ 1834ರಲ್ಲೇ ಆರಂಭವಾಗಿತ್ತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರತಂದಿದ್ದರು. ಹಳೆಯ ಕನ್ನಡ ಕಾವ್ಯಗಳನ್ನು ಸಂಗ್ರಹಿಸಿ ಮುದ್ರಿಸುವ ಕಾರ್ಯಕ್ಕೂ ಅವರು ಕೈಹಾಕಿದ್ದರು. ಹೀಗೆ ಕಿಟ್ಟೆಲ್ ಅವರು ಬರುವ ವೇಳೆಗೆ ಕನ್ನಡ ಕಲಿಯುವ ಪರಂಪರೆಯೊಂದು ಸಂಸ್ಥೆಯಲ್ಲಿ ಸಿದ್ಧವಾಗಿತ್ತು.

ಮಂಗಳೂರಿನಿಂದ ಅವರು ಧಾರವಾಡಕ್ಕೆ ತೆರಳಿದರು. ಮಂಗಳೂರು ಮದರಾಸು ಪ್ರಾಂತ್ಯದಲ್ಲಿ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ ಇದ್ದ ಕಾಲವದು. ಭಾರತೀಯರ ನಡುವೆ ಭಾರತೀಯನಾಗಿಯೇ ಬಾಳಬೇಕು, ಇಲ್ಲವಾದರೆ ಉಪದೇಶ ಮಾಡುವ ಅರ್ಹತೆ ಬರುವುದಿಲ್ಲ ಎಂಬುದು ತರುಣ ಕಿಟ್ಟೆಲ್ ಅವರ ದೃಢವಾದ ಅಭಿಪ್ರಾಯವಾಗಿತ್ತು. ಅದರಂತೆ ಭಾಷೆ, ರೂಢಿ, ಆಚಾರಗಳನ್ನಷ್ಟೇ ಅಲ್ಲದೆ ಇಲ್ಲಿನ ಸಂಗೀತವನ್ನೂ ಅಭ್ಯಾಸ ಮಾಡತೊಡಗಿದರು. ಸಹೋದ್ಯೋಗಿಗಳಿಗೆ ಇದು ಅತಿಯೆನಿಸಿತು. ಸಂಸ್ಥೆಯ ಮಿಕ್ಕವರಂತೆ ಬಾಳದವನು ಸಂಸ್ಥೆಯ ಶಿಸ್ತಿಗೂ ಹೊರತಾಗುತ್ತಾನೆ ಎಂಬ ಭಾವನೆ ಬೆಳೆಯಿತು. ಅವರನ್ನು ನೀಲಗಿರಿಯ ಒಂದು ದೂರದ ಕೇಂದ್ರಕ್ಕೆ ವರ್ಗಾಯಿಸಲಾಯಿತು. ತರುವಾಯ ಮಂಗಳೂರಿನ ಮುದ್ರಣಾಲಯದ ಕೆಲಸಕ್ಕೆ ಸೀಮಿತಗೊಳಿಸಲಾಯಿತು. ಮುಖ್ಯ ಕಾರ್ಯಕ್ಷೇತ್ರದಿಂದ ಬದಿಗೆ ಸರಿಸುವ ಕ್ರಮವಿದು ಎಂಬುದನ್ನು ಸರ್ಕಾರಿ ಕಚೇರಿಯ ವರ್ಗಾವಣೆಗಳನ್ನು ಬಲ್ಲ ಓದುಗರಿಗೆ ವಿವರಿಸಬೇಕಾಗಿಲ್ಲ.

1860ರಲ್ಲಿ ಅವರು ಪಾಲಿನ್ ಐತ್ ಅವರನ್ನು ವಿವಾಹವಾದರು. ಆಕೆ 1864ರಲ್ಲಿಯೇ ನಿಧನ ಹೊಂದಿದರು. 1867ರಲ್ಲಿ ಆಕೆಯ ಸಹೋದರಿ ಜೂಲಿ ಅವರೊಡನೆ ಕಿಟ್ಟೆಲ್ ಅವರ ಎರಡನೆಯ ವಿವಾಹ ನೆರವೇರಿತು.

ಮುದ್ರಣಾಲಯವು ಅವರ ಪಾಲಿಗೆ ಶಿಕ್ಷೆಯಾಗಿ ಉಳಿಯಲಿಲ್ಲ. 1862ರಲ್ಲಿ ಏಸುಕ್ರಿಸ್ತರ ಜೀವನವನ್ನು ಭಾರತೀಯ ಛಂದಸ್ಸಿನಲ್ಲಿ ನಿರೂಪಿಸುವ 'ಕಥಾಮಾಲೆ' ಪ್ರಕಟವಾಯಿತು. ಧರ್ಮಪ್ರಚಾರಕ್ಕೆಂದು ರಚಿಸಿದ ಕೃತಿಯಾದರೂ ಅದಕ್ಕಾಗಿ ಕನ್ನಡ ಛಂದಸ್ಸಿನ ಆಳವಾದ ಪರಿಶ್ರಮ ಅಗತ್ಯವಾಯಿತು. ಆ ಪರಿಶ್ರಮವು ಅವರನ್ನು ಪ್ರಾಚೀನ ಗ್ರಂಥಗಳತ್ತ ಕೊಂಡೊಯ್ದಿತು. ಕೇಶಿರಾಜನ 'ಶಬ್ದಮಣಿದರ್ಪಣ' 1872ರಲ್ಲಿ, ನಾಗವರ್ಮನ 'ಛಂದೋಂಬುಧಿ' 1875ರಲ್ಲಿ ಅವರ ಸಂಪಾದಕತ್ವದಲ್ಲಿ ಮಂಗಳೂರಿನಿಂದ ಹೊರಬಂದವು. ಎರಡನೆಯದಕ್ಕೆ ಕನ್ನಡ ಸಾಹಿತ್ಯವನ್ನು ಕುರಿತ ಒಂದು ಪ್ರಬಂಧವನ್ನೂ ಅವರು ಜೋಡಿಸಿದರು. ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವ ಈ ಕೆಲಸದಲ್ಲಿ ಧರ್ಮಪ್ರಚಾರದ ಅಂಶ ಏನೂ ಇರಲಿಲ್ಲ.

ನಿಘಂಟಿನ ಅಗತ್ಯ ಸಂಸ್ಥೆಗೂ ಇತ್ತು. ಹೊಸದಾಗಿ ಬರುವ ಪ್ರಚಾರಕರಿಗೆ ಭಾಷೆ ಕಲಿಯಲು ಅದು ಬೇಕಾಗಿತ್ತು. ರೀವ್ ಅವರ ನಿಘಂಟನ್ನು 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅವರು ಪರಿಷ್ಕರಿಸಿ ಬೆಂಗಳೂರಿನಲ್ಲಿ ಪ್ರಕಟಿಸಿದ್ದರೂ ಹಳಗನ್ನಡ ಕಾವ್ಯಗಳ ಪದಸಂಪತ್ತಿಗೆ ಅದು ಸಾಲದಾಗಿತ್ತು. ಕಿಟ್ಟೆಲ್ ಅವರು ಕೈಗೊಂಡ ಕಾರ್ಯವು ಕ್ರಮೇಣ ಈ ಮೂಲ ಉದ್ದೇಶವನ್ನು ಮೀರಿ ಬೆಳೆಯಿತು. ಪದಕ್ಕೆ ಅರ್ಥ ನೀಡಿ ಮುಗಿಸುವುದು ಅವರ ಕ್ರಮವಲ್ಲ. ಪದವು ದೇಶ್ಯವೇ, ಸಂಸ್ಕೃತವೇ, ತದ್ಭವವೇ ಎಂಬುದನ್ನು ಸೂಚಿಸಿ, ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಸಮಾನ ರೂಪಗಳನ್ನು ಪಕ್ಕದಲ್ಲಿರಿಸಿ, ಕಾವ್ಯ ಮತ್ತು ಗಾದೆಗಳಿಂದ ಪ್ರಯೋಗಗಳನ್ನು ಒದಗಿಸಿದರು. ಕಚೇರಿಗಳ ಮೂಲಕ ಜನರ ನಾಲಗೆಗೆ ಬಂದ ಹಿಂದೂಸ್ತಾನಿ ಹಾಗೂ ಮರಾಠಿ ಪದಗಳನ್ನೂ ಅವರು ಕೈಬಿಡಲಿಲ್ಲ. ಶುದ್ಧ ಕನ್ನಡವಲ್ಲವೆಂದು ಪಂಡಿತರು ಬದಿಗಿಡಬಹುದಾಗಿದ್ದ ಇಂತಹ ಮಾತುಗಳಿಲ್ಲದೆ ಇಂದಿಗೂ ಒಂದು ಅರ್ಜಿ ನಮೂನೆಯನ್ನು ಭರ್ತಿ ಮಾಡುವುದು ಸುಲಭವಲ್ಲ. ಸಂಸ್ಕೃತ ನಿಘಂಟುಗಳಲ್ಲಿ ಸೇರಿಕೊಂಡಿರುವ ದ್ರಾವಿಡ ಮೂಲದ ಪದಗಳನ್ನು ಕುರಿತು ಅವರು 1872ರಲ್ಲಿಯೇ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಲೇಖನ ಬರೆದಿದ್ದರು.

1877ರಲ್ಲಿ ಅವರು ಜರ್ಮನಿಗೆ ಹಿಂದಿರುಗಿದರು. ಆದರೆ ನಿಘಂಟು ದೂರದಲ್ಲಿ ಕುಳಿತು ಮುಗಿಸುವಂಥದ್ದಾಗಿರಲಿಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ಅವರು ಮತ್ತೆ ಕನ್ನಡ ನಾಡಿಗೆ ಬಂದರು. ಮೊದಲ ಪ್ರಯಾಣ ಸಮಿತಿಯು ಪ್ರಚಾರಕನನ್ನು ಕಳುಹಿಸಿದ ಪ್ರಯಾಣ. ಈ ಎರಡನೆಯದು ನಿಘಂಟಿಗಾಗಿ ಕೈಗೊಂಡದ್ದು. ಅಷ್ಟು ಹೊತ್ತಿಗೆ ನಿಘಂಟು ಪ್ರಚಾರಕಾರ್ಯದ ಉಪಕರಣವಾಗಿ ಉಳಿದಿರದೆ ಅದೇ ಅವರ ಗುರಿಯಾಗಿತ್ತೆಂದು ಅವರ ಜೀವನವನ್ನು ಅಭ್ಯಸಿಸಿದವರು ಅಭಿಪ್ರಾಯಪಡುತ್ತಾರೆ. 1892ರಲ್ಲಿ ಅವರು ಶಾಶ್ವತವಾಗಿ ಸ್ವದೇಶಕ್ಕೆ ಮರಳಿದರು. ಸುಮಾರು 70,000 ಪದಗಳನ್ನು ಒಳಗೊಂಡ, 1,700ಕ್ಕೂ ಹೆಚ್ಚು ಪುಟಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ವತಿಯಿಂದಲೇ ಪ್ರಕಟವಾಯಿತು. ಅವರನ್ನು ಬದಿಗಿರಿಸಿದ ಸಂಸ್ಥೆಯೇ ಅವರ ಗ್ರಂಥವನ್ನು ಮುದ್ರಿಸಿತು ಎಂಬುದನ್ನೂ ಹೇಳುವುದು ನ್ಯಾಯ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಈ ಮೂರೂ ಅವಸ್ಥೆಗಳನ್ನು ನಿರೂಪಿಸುವ ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ 18ರಂದು, ತಮ್ಮ 71ನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗನ್ ನಗರದಲ್ಲಿ ನಿಧನರಾದರು.

ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. ನಿಘಂಟಿನ ಪರಿಷ್ಕೃತ ಆವೃತ್ತಿಯನ್ನು ಎಂ. ಮರಿಯಪ್ಪ ಭಟ್ ಅವರ ಸಂಪಾದಕತ್ವದಲ್ಲಿ ಮದರಾಸು ವಿಶ್ವವಿದ್ಯಾನಿಲಯವು 1968 ಮತ್ತು 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. 1894ರ ಮೂಲ ಮುದ್ರಣದ ಪುಟಗಳು ಅಂತರಜಾಲದಲ್ಲಿಯೂ ಲಭ್ಯವಿದ್ದು, ಆಸಕ್ತರು ಅವುಗಳನ್ನು ಉಚಿತವಾಗಿ ಓದಬಹುದಾಗಿದೆ.