ಮೈಕೆಲ್ ಫ್ಯಾರಡೆಯೂ ಸಂಸರ್ಗದ ಗುಣವೂ

ಹೂವಿನ ಜೊತೆಯಲ್ಲಿ ನಾರೂ ಸ್ವರ್ಗಕ್ಕೇರಿತೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ದುಸ್ಸಂಗದ ಕೇಡನ್ನು ಕುರಿತು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರನ್ನು ಎಚ್ಚರಿಸಿದ ಸಂಗತಿಯೂ ನಮಗೆ ತಿಳಿದದ್ದೇ. ಆದರೆ ಒಂದೇ ಸಂಸರ್ಗವು ಒಬ್ಬರನ್ನು ಮೇಲಕ್ಕೆತ್ತಿ, ಇನ್ನೊಬ್ಬರನ್ನು ಕೆಡಿಸಿ, ಮತ್ತೊಬ್ಬರನ್ನು ಸೋಕದೆಯೇ ಬಿಡುವುದೇಕೆ? ಸೂಜಿಗಲ್ಲಿನ ಬಳಿಗೆ ಕಬ್ಬಿಣವು ಓಡಿಹೋಗುವಾಗ ಕಟ್ಟಿಗೆಯು ಸುಮ್ಮನೆ ಬಿದ್ದಿರುವುದೇಕೆ? ಮಗಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳ ಮನಸ್ಸಿನಲ್ಲಿ ಮೊದಲನೆಯ ಪ್ರಶ್ನೆಯು ಸದಾ ಇರುವುದು. ಎರಡನೆಯ ಪ್ರಶ್ನೆಯನ್ನು ಆಯುಷ್ಯದ ಬಹುಭಾಗ ಶೋಧಿಸಿ, ಮೊದಲನೆಯದಕ್ಕೂ ಬೆಳಕು ಕೊಟ್ಟ ಒಬ್ಬ ಕಮ್ಮಾರನ ಮಗನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆದಿದೆ.

ಮೈಕೆಲ್ ಫ್ಯಾರಡೆಯು ೧೭೯೧ನೆಯ ಇಸವಿ ಸೆಪ್ಟೆಂಬರ್ ೨೨ರಂದು ಲಂಡನ್ ಪಟ್ಟಣದ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ ಹುಟ್ಟಿದನು. ತಂದೆ ಜೇಮ್ಸ್ ರೋಗಪೀಡಿತನಾದುದರಿಂದ ಕುಲುಮೆಯ ಕೆಲಸವು ನಿತ್ಯವೂ ನಡೆಯುತ್ತಿರಲಿಲ್ಲ. ೧೮೦೧ರಲ್ಲಿ ಧಾನ್ಯದ ಬೆಲೆ ಏರಿದಾಗ ಬಾಲಕನಿಗೆ ವಾರಕ್ಕೆ ಒಂದೇ ರೊಟ್ಟಿಯು ದೊರೆಯುತ್ತಿತ್ತಂತೆ. ಆ ಮನೆಯವರು ಸ್ಯಾಂಡಮನಿಯನ್ನರೆಂಬ ಚಿಕ್ಕದೊಂದು ಕ್ರೈಸ್ತ ಪಂಗಡಕ್ಕೆ ಸೇರಿದವರು; ಸತ್ಯವೇದದ ಮಾತನ್ನು ಅಕ್ಷರಶಃ ನಂಬಿ, ಸಿರಿಸಂಪತ್ತನ್ನು ಕೂಡಿಡುವುದು ತರವಲ್ಲವೆಂದು ಎಣಿಸಿದವರು. ಈ ಸಭೆಯ ಸಂಸ್ಕಾರವು ಫ್ಯಾರಡೆಯನ್ನು ಕಡೆಯವರೆಗೂ ಬಿಡಲಿಲ್ಲ.

೧೮೦೪ರಲ್ಲಿ ಜಾರ್ಜ್ ರೀಬೋ ಎಂಬ ಪುಸ್ತಕವ್ಯಾಪಾರಿಯ ಅಂಗಡಿಯಲ್ಲಿ ಓಡಾಟದ ಹುಡುಗನಾಗಿ ಸೇರಿ, ಮರುವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿಯಲು ಏಳು ವರ್ಷದ ಕರಾರಿಗೆ ಒಳಪಟ್ಟನು. ರಟ್ಟು ಕಟ್ಟುವ ಕೈಗಳ ಮೂಲಕ ಸಾವಿರಾರು ಪುಸ್ತಕಗಳು ಹಾದುಹೋಗುವುವು. ಓದುವವರು ಮಾತ್ರ ವಿರಳ. ಫ್ಯಾರಡೆಯು ಕೆಲಸ ಮುಗಿದ ಮೇಲೆ ಅವನ್ನೇ ಓದಿದನು. ಅವುಗಳಲ್ಲಿ ಜೇನ್ ಮಾರ್ಸೆಟ್ ಎಂಬ ವಿದುಷಿಯು ೧೮೦೬ರಲ್ಲಿ ತನ್ನ ಹೆಸರನ್ನು ಹಾಕದೆ ಪ್ರಕಟಿಸಿದ ರಸಾಯನಶಾಸ್ತ್ರದ ಸಂಭಾಷಣೆಗಳ ಗ್ರಂಥವೂ ಒಂದು. ಒಬ್ಬ ಅಧ್ಯಾಪಿಕೆಯೂ ಇಬ್ಬರು ಬಾಲಿಕೆಯರೂ ಮಾತನಾಡುವ ರೂಪದಲ್ಲಿದ್ದ ಈ ಗ್ರಂಥವನ್ನು ಆಕೆಯು ಮುಖ್ಯವಾಗಿ ಸ್ತ್ರೀಯರಿಗೋಸ್ಕರ ಬರೆದಿದ್ದಳು. ಬಡ ಹುಡುಗನು ಕೈಯಲ್ಲಿದ್ದ ಅಲ್ಪ ಹಣದಿಂದ ಸಾಮಾನುಗಳನ್ನು ಕೊಂಡು, ಅದರಲ್ಲಿ ಹೇಳಿದ್ದು ನಿಜವೇ ಎಂದು ತಾನೇ ಮಾಡಿ ನೋಡಿ, ನಿಜವೆಂದು ಕಂಡ ಮೇಲೆಯೇ ನಂಬಿದನು. ಮುಂದೆ ಲೋಕಪ್ರಸಿದ್ಧನಾದ ಮೇಲೂ ಆಕೆಯನ್ನು ತನ್ನ ಮೊದಲ ಗುರುವೆಂದು ಗೌರವಿಸಿ ತನ್ನ ಲೇಖನಗಳನ್ನು ಆಕೆಗೆ ಕಳುಹಿಸುತ್ತಿದ್ದನು.

ಅಣ್ಣನಾದ ರಾಬರ್ಟನು ಕೊಟ್ಟ ಒಂದೊಂದು ಷಿಲ್ಲಿಂಗಿನಿಂದ ಫ್ಯಾರಡೆಯು ವಿಜ್ಞಾನದ ಉಪನ್ಯಾಸಗಳಿಗೆ ಹೋದನು. ೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬನ ದಯೆಯಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಭಾಗ್ಯವು ದೊರೆಯಿತು. ಕೇಳಿದ್ದನ್ನೆಲ್ಲ ಬರೆದು, ಚಿತ್ರಗಳನ್ನು ಸೇರಿಸಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ೧೮೧೩ರ ಮಾರ್ಚ್ ೧ರಂದು ವಾರಕ್ಕೆ ೨೫ ಷಿಲ್ಲಿಂಗಿನ ಸಂಬಳದ ಮೇಲೆ ಆತನ ಪ್ರಯೋಗಶಾಲೆಯ ಸಹಾಯಕನಾದನು. ಡೇವಿಯ ಸಂಗಡ ಯೂರೋಪ್ ಖಂಡದಲ್ಲಿ ಒಂದೂವರೆ ವರ್ಷ ಸಂಚರಿಸಿ ಮಹಾಪಂಡಿತರನ್ನು ಕಂಡದ್ದೇ ಆತನಿಗೆ ವಿಶ್ವವಿದ್ಯಾನಿಲಯವಾಯಿತು.

ಆದರೆ ಇದೇ ಗುರುವಿನಿಂದ ನೋವೂ ಬಂದಿತು. ಪ್ರವಾಸದಲ್ಲಿ ಡೇವಿಯ ಪತ್ನಿಯು ಫ್ಯಾರಡೆಯನ್ನು ಸೇವಕನಂತೆ ನಡೆಸಿಕೊಂಡಳು. ೧೮೨೧ರಲ್ಲಿ, ಸಾರಾ ಬರ್ನಾರ್ಡ್ ಎಂಬ ಸಾಧ್ವಿಯನ್ನು ಮದುವೆಯಾದ ವರ್ಷದಲ್ಲಿಯೇ, ವಿದ್ಯುತ್ತಿನ ತಂತಿಯು ಅಯಸ್ಕಾಂತದ ಸುತ್ತಲೂ ತಿರುಗುವಂತೆ ಮಾಡಿ ತೋರಿಸಿದಾಗ, ಅನ್ಯರ ಆಲೋಚನೆಯನ್ನು ಅಪಹರಿಸಿದನೆಂಬ ಅಪವಾದವು ಹುಟ್ಟಿತು. ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆತನ ಹೆಸರು ಬಂದಾಗ ಅದರ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು. ಆದರೂ ೧೮೨೪ರಲ್ಲಿ ಫ್ಯಾರಡೆಯು ಆರಿಸಲ್ಪಟ್ಟನು. ಗುರುವಿನ ವಿದ್ಯೆಯನ್ನು ಹೀರಿಕೊಂಡ ಆ ಮನಸ್ಸು ಗುರುವಿನ ಮತ್ಸರವನ್ನು ಹೀರಿಕೊಳ್ಳಲಿಲ್ಲ. ಡೇವಿಯ ಉಪಕಾರವನ್ನು ಕೊನೆಯವರೆಗೂ ಕೃತಜ್ಞತೆಯಿಂದ ಸ್ಮರಿಸಿತು.

೧೮೩೧ನೆಯ ಆಗಸ್ಟ್ ೨೯ರಂದು ಫ್ಯಾರಡೆಯು ಕಬ್ಬಿಣದ ಬಳೆಯ ಎರಡು ಪಕ್ಕಗಳಲ್ಲಿ ಬೇರೆ ಬೇರೆ ತಂತಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಹರಿಯಿಸಿದ ಕ್ಷಣದಲ್ಲಿಯೂ ನಿಲ್ಲಿಸಿದ ಕ್ಷಣದಲ್ಲಿಯೂ ಮುಟ್ಟದೆ ಇದ್ದ ಇನ್ನೊಂದು ತಂತಿಯಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡನು. ಇಂದು ನಮ್ಮ ಮನೆಗಳಲ್ಲಿ ದೀಪ ಬೆಳಗಿಸುವ ವಿದ್ಯುದುತ್ಪಾದಕ ಯಂತ್ರಗಳಿಗೆ ಇದೇ ಮೂಲವು. ೧೮೩೭ರಲ್ಲಿ ಗಾಜು, ಅರಗು, ಗಂಧಕ ಮುಂತಾದ, ವಿದ್ಯುತ್ತನ್ನು ಹರಿಯಗೊಡದ ಪದಾರ್ಥಗಳು ಸಹ ವಿದ್ಯುತ್ತಿನ ಪ್ರಭಾವವನ್ನು ತಂತಮ್ಮ ಅಳತೆಯಲ್ಲಿ ಒಳಗೊಳ್ಳುವುವೆಂದು ತೋರಿಸಿದನು.

ಇದಕ್ಕಿಂತಲೂ ಆಶ್ಚರ್ಯಕರವಾದದ್ದು ೧೮೪೫ರಲ್ಲಿ ನಡೆಯಿತು. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಎಂಬ ಕೆಲವೇ ಲೋಹಗಳಿಗೆ ಮಾತ್ರ ಅಯಸ್ಕಾಂತದ ಸಂಬಂಧವಿದೆಯೆಂದು ಬಹುಮಟ್ಟಿಗೆ ಎಲ್ಲರೂ ತಿಳಿದಿದ್ದ ಕಾಲವದು. ಬೆಳಕಿನ ಮೇಲೆ ಅಯಸ್ಕಾಂತದ ಪ್ರಭಾವವುಂಟೇ ಎಂದು ಅನೇಕ ಪದಾರ್ಥಗಳ ಮೂಲಕ ಪರೀಕ್ಷಿಸಿ ಸೋತ ಫ್ಯಾರಡೆಯು, ಹದಿನೈದು ವರ್ಷಗಳ ಹಿಂದೆ ದೂರದರ್ಶಕಗಳಿಗಾಗಿ ತಯಾರಿಸಿ, ನಿರೀಕ್ಷಿಸಿದ ಉಪಯೋಗಕ್ಕೆ ಬಾರದೆ ಉಳಿದಿದ್ದ ಸೀಸದ ಭಾರವಾದ ಗಾಜನ್ನು ಹೊರತೆಗೆದನು. ಸೆಪ್ಟೆಂಬರ್ ೧೩ರಂದು ಆ ಗಾಜಿನೊಳಗೆ ಹಾಯ್ದ ಬೆಳಕಿನ ಕಂಪನದ ದಿಕ್ಕು ಅಯಸ್ಕಾಂತದ ಬಲದಿಂದ ತಿರುಗಿತು. ನವೆಂಬರಿನಲ್ಲಿ ಅದೇ ಗಾಜಿನ ಕಡ್ಡಿಯನ್ನು ದಾರದಿಂದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ತೂಗಬಿಟ್ಟನು. ಕಬ್ಬಿಣವಾಗಿದ್ದರೆ ಧ್ರುವದಿಂದ ಧ್ರುವಕ್ಕೆ ನೇರವಾಗಿ ನಿಲ್ಲಬೇಕಾಗಿತ್ತು. ಗಾಜು ಅಡ್ಡವಾಗಿ ತಿರುಗಿ ನಿಂತಿತು.

ಆ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ತೂಗಬಿಟ್ಟು ನೋಡಿದನು: ಬಿಸ್ಮತ್, ರಂಜಕ, ಕಟ್ಟಿಗೆ, ರೊಟ್ಟಿ, ಸೇಬು, ಮಾಂಸದ ತುಂಡು. ಇವೆಲ್ಲವೂ ಗಾಜಿನಂತೆಯೇ ಬಲವು ಹೆಚ್ಚಾದ ಕಡೆಯಿಂದ ಅತಿ ಮೆಲ್ಲಗೆ ಹಿಂಜರಿದುವು. ಮನುಷ್ಯನನ್ನೇ ತೂಗಬಿಟ್ಟರೂ ಹೀಗೆಯೇ ಅಡ್ಡವಾಗಿ ನಿಲ್ಲುವನೆಂದು ಆತನು ಊಹಿಸಿದನು. ಪ್ರಭಾವಕ್ಕೆ ಒಳಗಾಗದ ಪದಾರ್ಥವಿಲ್ಲ. ಕೆಲವು ಸಮೀಪಿಸುವುವು, ಕೆಲವು ಹಿಂಜರಿಯುವುವು. ಹೇಗೆಂಬುದನ್ನು ನಿರ್ಣಯಿಸುವುದು ಹೊರಗಿನ ಬಲವೊಂದೇ ಅಲ್ಲ, ಪದಾರ್ಥದ ಒಳಗಿನ ಸ್ವಭಾವವೂ ಹೌದು ಎಂಬುದೇ ಈ ಶೋಧನೆಯ ಸಾರವು. ೧೯೯೭ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೆದರ್ಲೆಂಡ್ ದೇಶದ ನೈಮೇಗನ್ ಪಟ್ಟಣದ ವಿಜ್ಞಾನಿಗಳು ಮಹಾಬಲವುಳ್ಳ ಅಯಸ್ಕಾಂತದ ಮೇಲೆ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದು ಇದೇ ಹಿಂಜರಿಯುವ ಗುಣದಿಂದ.

ಪದಾರ್ಥಗಳನ್ನು ಹೀಗೆ ಪರೀಕ್ಷಿಸಿದವನಿಗೆ ೧೮೫೩ರಲ್ಲಿ ಮನುಷ್ಯರನ್ನೇ ಪರೀಕ್ಷಿಸುವ ಸಂದರ್ಭವೊದಗಿತು. ಹಲವರು ಮೇಜಿನ ಸುತ್ತ ಕುಳಿತು ಕೈಗಳನ್ನಿಟ್ಟರೆ ಮೇಜು ತಾನಾಗಿ ತಿರುಗುವುದೆಂಬ ಹುಚ್ಚು ಆಗ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತ್ತು. ಪ್ರೇತಗಳ ಕೆಲಸವೆಂದು ಕೆಲವರು, ವಿದ್ಯುತ್ತಿನ ಕೆಲಸವೆಂದು ಕೆಲವರು ಹೇಳುತ್ತಿದ್ದರು. ಫ್ಯಾರಡೆಯು ಯಾರನ್ನೂ ಹಳಿಯಲಿಲ್ಲ. ಮೇಜನ್ನು ತಿರುಗಿಸಬಲ್ಲ ಸತ್ಯವಂತರನ್ನೇ ಕರೆದು, ನುಣುಪಾದ ರಟ್ಟಿನ ಹಾಳೆಗಳನ್ನು ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಹತ್ತಿಸಿ ಅವರ ಕೈಗಳ ಕೆಳಗಿಟ್ಟನು. ಮೇಜು ಕೈಗಳನ್ನು ಎಳೆದೊಯ್ದಿದ್ದರೆ ಕೆಳಗಿನ ಹಾಳೆಯು ಮುಂದೆ ಸರಿದಿರಬೇಕು. ಸರಿದದ್ದು ಮೇಲಿನ ಹಾಳೆಯು. ಕೈಗಳೇ ಮೇಜನ್ನು ನೂಕಿದ್ದುವು. ಬಳಿಕ ಕೈಗಳು ಪಕ್ಕಕ್ಕೆ ಒತ್ತಿದೊಡನೆ ವಾಲುವ ಹಗುರವಾದ ಹುಲ್ಲುಕಡ್ಡಿಯೊಂದನ್ನು ಅವರ ಕಣ್ಣೆದುರಿಗೆ ನಿಲ್ಲಿಸಿದನು. ಕಡ್ಡಿಯನ್ನು ನೋಡುತ್ತಿರುವಷ್ಟು ಹೊತ್ತು ಮೇಜು ಅಲುಗಲೇ ಇಲ್ಲ. ಅವರು ಮೋಸಗಾರರಲ್ಲ. ಮೇಜು ತಿರುಗುವುದೆಂಬ ನಿರೀಕ್ಷೆಯು ಅವರಿಗೇ ತಿಳಿಯದಂತೆ ಅವರ ಕೈಗಳನ್ನು ಆಳುತ್ತಿತ್ತು. ತಿಳಿದೊಡನೆ ಅದರ ಬಲವು ಉಡುಗಿತು.

ಈ ಪ್ರಯೋಗದಿಂದ ಮನನೊಂದು ಕೋಪಗೊಂಡವರು ಬಹಳ ಮಂದಿ. ಸುಶಿಕ್ಷಿತರೂ ಹೀಗೆ ಮರುಳಾಗುವುದನ್ನು ಕಂಡು ವ್ಯಥೆಪಟ್ಟ ಫ್ಯಾರಡೆಯು ೧೮೫೪ರ ಮೇ ತಿಂಗಳಿನಲ್ಲಿ, ರಾಣಿಯ ಪತಿಯಾದ ಆಲ್ಬರ್ಟ್ ರಾಜಕುಮಾರನ ಅಧ್ಯಕ್ಷತೆಯಲ್ಲಿ, ಮನಸ್ಸಿನ ಶಿಕ್ಷಣವನ್ನು ಕುರಿತು ಉಪನ್ಯಾಸ ಮಾಡಿದನು. ನಮ್ಮ ಇಷ್ಟಕ್ಕೆ ಒಪ್ಪುವುದನ್ನು ನಾವು ಬೇಗ ನಂಬುವೆವು, ಒಪ್ಪದಿರುವುದನ್ನು ಬೇಗ ತಳ್ಳುವೆವು. ಆದುದರಿಂದ ಪ್ರತಿಯೊಬ್ಬರೂ ಮೊದಲು ತಮ್ಮ ಇಷ್ಟವನ್ನೇ ಸಂಶಯದಿಂದ ನೋಡುವುದನ್ನು ಕಲಿಯಬೇಕೆಂಬುದು ಆತನ ಬೋಧನೆಯಾಗಿತ್ತು.

ಕೀರ್ತಿಯ ಸೆಳೆತವೂ ಆತನನ್ನು ಪರೀಕ್ಷಿಸಿತು. ನೈಟ್ ಪದವಿಯನ್ನು ಒಲ್ಲೆನೆಂದನು. ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಸ್ವೀಕರಿಸಲಿಲ್ಲ. ಆದರೆ ಮಕ್ಕಳಿಗಾಗಿ ಕ್ರಿಸ್ಮಸ್ ಕಾಲದ ಉಪನ್ಯಾಸಗಳನ್ನು ೧೮೨೭ರಿಂದ ೧೮೬೦ರವರೆಗೆ ೧೯ ಸಲ ಸಂತೋಷದಿಂದ ನಡೆಸಿದನು. ಆತನ ಸಭೆಯು ೧೮೪೦ರಲ್ಲಿ ಆತನನ್ನು ಹಿರಿಯನನ್ನಾಗಿ ಆರಿಸಿ, ೧೮೪೪ರಲ್ಲಿ ಕೆಲವು ವಾರ ಹೊರಗಿಟ್ಟಿತು. ಲೋಕವೇ ಕೊಂಡಾಡುತ್ತಿದ್ದ ಆ ಪುರುಷನು ತಲೆಬಾಗಿ ಹಿಂದಿರುಗಿದನು; ಹಿರಿಯನ ಸ್ಥಾನವು ಮತ್ತೆ ದೊರೆತದ್ದು ೧೮೬೦ರಲ್ಲಿ. ಮಕ್ಕಳಿಲ್ಲದ ಆ ದಂಪತಿಗಳು ೧೮೫೮ರಲ್ಲಿ ವಿಕ್ಟೋರಿಯಾ ರಾಣಿಯು ಹ್ಯಾಂಪ್ಟನ್ ಕೋರ್ಟಿನಲ್ಲಿ ಕೊಟ್ಟ ಮನೆಯನ್ನು ಸೇರಿದರು. ಜ್ಞಾಪಕಶಕ್ತಿಯು ಕ್ರಮೇಣ ಕುಂದಿ, ೧೮೬೭ನೆಯ ಆಗಸ್ಟ್ ೨೫ರಂದು ಫ್ಯಾರಡೆಯು ಪ್ರಭುವಿನಲ್ಲಿ ನಿದ್ರೆಹೋದನು. ಆತನ ಇಷ್ಟದಂತೆ ಹೈಗೇಟಿನ ಶ್ಮಶಾನದಲ್ಲಿ ಆಡಂಬರವಿಲ್ಲದ ಸಮಾಧಿಯಾಯಿತು.

ಪ್ರಿಯ ಸೋದರಿಯರೇ, ಪೂಜ್ಯ ತಂದೆತಾಯಂದಿರೇ, ಹೊರಗಿನ ಗಾಳಿಯು ಸೋಕದಂತೆ ಮಕ್ಕಳನ್ನು ಬೆಳೆಸುವುದು ಸಾಧ್ಯವೇ ಎಂಬ ಪ್ರಶ್ನೆಗೆ ಈ ಚರಿತ್ರೆಯು ಇಲ್ಲವೆಂದೇ ಉತ್ತರ ಕೊಡುವುದು. ಸೋಕದಂತಿದ್ದರೆ ರಟ್ಟು ಕಟ್ಟುವ ಹುಡುಗನು ಫ್ಯಾರಡೆಯಾಗುತ್ತಲೂ ಇರಲಿಲ್ಲ. ಬಿಸ್ಮತ್ತಿಗೆ ತಾನು ಏಕೆ ಹಿಂಜರಿಯುವೆನೆಂದು ತಿಳಿಯದು. ನಮಗಾದರೋ ತಿಳಿದುಕೊಳ್ಳುವ ಶಕ್ತಿಯನ್ನು ದೇವರು ಕೊಟ್ಟಿದ್ದಾನೆ. ಒಳ್ಳೆಯ ಪುಸ್ತಕವೂ ಒಳ್ಳೆಯ ಗುರುವೂ ದೊರೆತಾಗ ಮನಸ್ಸನ್ನು ತೆರೆದಿಡೋಣ. ಊರೆಲ್ಲ ನಂಬಿದ ಮಾತು ಬಂದಾಗ ಮೇಜಿನ ಮೇಲಿನ ಹುಲ್ಲುಕಡ್ಡಿಯಂಥದೊಂದನ್ನು ನಮ್ಮ ಕಣ್ಣೆದುರಿಗೂ ನಮ್ಮ ಹೆಣ್ಣುಮಕ್ಕಳ ಕಣ್ಣೆದುರಿಗೂ ನಿಲ್ಲಿಸೋಣ.