ನಾಲೆಗೆ ಯಾರ ಹೆಸರು?

ಕಳೆದ ತಿಂಗಳು ಇಲ್ಲಿ ಕುವೈತಿನ ರಾಯ್‌ನ ಹಾಲ್‌ನಲ್ಲಿ ನಮ್ಮ ಕನ್ನಡ ಕೂಟದ ರಸಪ್ರಶ್ನೆ ನಡೆಯಿತಲ್ಲ, ನೆನಪಿದೆಯಾ ಮಕ್ಕಳೇ? ‘ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಯಾರು?’ ಎಂದು ನಾನು ಕೇಳಿ ಮುಗಿಸುವ ಮೊದಲೇ ನೀವೆಲ್ಲ ‘ವಿಶ್ವೇಶ್ವರಯ್ಯ’ ಎಂದು ಕಿರುಚಿದಿರಿ. ಮಂಡ್ಯದಿಂದ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದ ತಾತ ಒಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದರು. ‘ಹಂಗಾರೆ ಮಿಕ್ಕೋರೆಲ್ಲ ಕಾಪಿ ಕುಡ್ಕೊಂಡು ಕೂತಿದ್ರಾ?’ ಎಂದುಬಿಟ್ಟರು. ಎಲ್ಲರೂ ನಕ್ಕರು. ಅಂಕವನ್ನೇನೋ ಕೊಟ್ಟೆ. ಆದರೆ ತಾತನ ಪ್ರಶ್ನೆ ನನ್ನ ಜೊತೆ ಮನೆಗೂ ಬಂತು.

ಅದಕ್ಕೆ ಉತ್ತರ ಹುಡುಕುವ ಮೊದಲು ಈಜಿಪ್ಟಿಗೆ ಹೋಗಿ ಬರೋಣ. ಸೂಯೆಜ್ ಕಾಲುವೆ ಗೊತ್ತಲ್ಲ, 2021ರಲ್ಲಿ ಎವರ್ ಗಿವನ್ ಎಂಬ ಹಡಗು ಅಡ್ಡಡ್ಡ ಸಿಕ್ಕಿಹಾಕಿಕೊಂಡಿತಲ್ಲ, ಅದೇ. ಅದನ್ನು ತೋಡಿಸಿದವನು ಫ್ರಾನ್ಸಿನ ಫರ್ಡಿನಾಂಡ್ ಡಿ ಲೆಸೆಪ್ಸ್. ತಮಾಷೆ ಎಂದರೆ ಆತ ಎಂಜಿನಿಯರ್ ಅಲ್ಲವೇ ಅಲ್ಲ, ರಾಯಭಾರ ಕಚೇರಿಯ ಅಧಿಕಾರಿ. ನಕ್ಷೆಯ ಹಿಂದೆ ಆಸ್ಟ್ರಿಯಾದ ನೆಗ್ರೆಲ್ಲಿಯಂಥವರ ತಲೆ ಇತ್ತು. 1859ರಲ್ಲಿ ಅಗೆತ ಶುರುವಾಯಿತು. ಮೊದಲ ವರ್ಷಗಳಲ್ಲಿ ಮಣ್ಣು ಹೊತ್ತವರು ಊರೂರಿನಿಂದ ಬಲವಂತವಾಗಿ ಎಳೆದು ತಂದ ಈಜಿಪ್ಟಿನ ರೈತರು. ಯಂತ್ರಗಳು ಬಂದದ್ದು ಆಮೇಲೆ. 1869ರಲ್ಲಿ ಕಾಲುವೆ ತೆರೆದಾಗ ಜಗತ್ತೆಲ್ಲ ಕೊಂಡಾಡಿದ್ದು ಲೆಸೆಪ್ಸನೊಬ್ಬನನ್ನೇ. ಅದೇ ಹುಮ್ಮಸ್ಸಿನಲ್ಲಿ ಪನಾಮಾ ಕಾಲುವೆಗೆ ಕೈಹಾಕಿದ. 1889ರಲ್ಲಿ ಆ ಕೆಲಸದ ಕಂಪನಿ ಮುಳುಗಿತು, ಫ್ರಾನ್ಸಿನ ಸಾಮಾನ್ಯ ಜನರ ಉಳಿತಾಯದ ದುಡ್ಡೂ ಅದರೊಂದಿಗೆ ಮುಳುಗಿತು.

ಆದರೂ 1899ರಲ್ಲಿ ಪೋರ್ಟ್ ಸೈದ್‌ನಲ್ಲಿ ಆತನ ದೊಡ್ಡ ಪ್ರತಿಮೆ ಎದ್ದು ನಿಂತಿತು. 1956ರ ಜುಲೈ 26ರ ರಾತ್ರಿ ಅಧ್ಯಕ್ಷ ನಾಸಿರ್ ಅಲೆಕ್ಸಾಂಡ್ರಿಯಾದಲ್ಲಿ ಭಾಷಣ ಮಾಡುತ್ತಿದ್ದರು. ಕಾಲುವೆಯ ಕಚೇರಿಗಳ ಹತ್ತಿರ ಅವರ ಜನ ರೇಡಿಯೋಗೆ ಕಿವಿಕೊಟ್ಟು ಒಂದೇ ಒಂದು ಪದಕ್ಕೆ ಕಾಯುತ್ತಿದ್ದರು. ಆ ಪದ ‘ಲೆಸೆಪ್ಸ್’. ಕೇಳಿದ ಕೂಡಲೇ ಒಳಗೆ ನುಗ್ಗಿ ಕಾಲುವೆಯನ್ನು ಈಜಿಪ್ಟಿನ ವಶಕ್ಕೆ ತೆಗೆದುಕೊಂಡರು. ಯಾರಿಗಾದರೂ ಕೇಳಿಸದೆ ಹೋದೀತು ಎಂದು ನಾಸಿರ್ ಆ ಹೆಸರನ್ನು ಮತ್ತೆ ಮತ್ತೆ ಹೇಳಿದರಂತೆ! ಆ ವರ್ಷದ ಡಿಸೆಂಬರಿನಲ್ಲಿ ಪ್ರತಿಮೆಯನ್ನೂ ಸಿಡಿಸಿ ಉರುಳಿಸಿದರು. ಮತ್ತೆ ನಿಲ್ಲಿಸಬೇಕೋ ಬೇಡವೋ ಎಂಬ ಜಗಳ 2020ರಲ್ಲೂ ನಡೆದಿತ್ತು.

ಈಗ ನಮ್ಮ ಊರಿಗೆ ಬನ್ನಿ. ವಿಶ್ವೇಶ್ವರಯ್ಯ ಅಪ್ಪಟ ಎಂಜಿನಿಯರ್. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ನೀರು ಮಟ್ಟ ಮೀರಿದಾಗ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಪುಣೆಯ ಬಳಿಯ ಖಡಕ್‌ವಾಸ್ಲಾ ಕಟ್ಟೆಗೆ ಕೂಡಿಸಿದವರು. 1906ರಲ್ಲಿ ನಮ್ಮ ಈ ಅರಬ್ ನಾಡಿನ ಕಡೆಗೂ ಬಂದಿದ್ದರು! ಆಗ ಏಡನ್ ಬಂದರು ಬೊಂಬಾಯಿ ಸರ್ಕಾರದ ಕೈಯಲ್ಲಿತ್ತು, ಅಲ್ಲಿಗೆ ಕುಡಿಯುವ ನೀರು ತರುವ ದಾರಿ ಹುಡುಕಲು ಇವರನ್ನು ಕಳಿಸಿದ್ದರು. ಕುವೈತ್ ಕೂಡ ಒಂದು ಕಾಲಕ್ಕೆ ಷತ್ ಅಲ್ ಅರಬ್‌ನಿಂದ ದೋಣಿಯಲ್ಲಿ ನೀರು ತರಿಸಿ ಕುಡಿಯುತ್ತಿತ್ತು ಎಂಬುದನ್ನು ನಲ್ಲಿ ತಿರುಗಿಸುವಾಗ ಒಮ್ಮೆ ನೆನೆಸಿಕೊಳ್ಳಿ.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು. ಮರುವರ್ಷ ಇವರು ದಿವಾನರಾದರು. 130 ಅಡಿ ಎತ್ತರದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುರ್ಕಿ. ಇಟ್ಟಿಗೆಪುಡಿ, ಸುಣ್ಣ ಕಲಸಿದ ಗಾರೆ. ಇದೆಲ್ಲ ಶಾಲೆಯ ಪುಸ್ತಕದಲ್ಲಿದೆ. ತಾತ ಕೇಳಿದ ‘ಮಿಕ್ಕೋರು’ ಪುಸ್ತಕದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಖಜಾನೆ ಬಿಚ್ಚಿದವರು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. ಕಲ್ಲು ಕಡಿದು, ಗಾರೆ ಅರೆದು ಹೊತ್ತವರು ಸಾವಿರಾರು ಕೂಲಿಗಳು. ನೀರು ತಮಗೆ ಕಡಿಮೆಯಾಗುತ್ತದೆಂದು ಹೊಳೆಯ ಕೆಳಭಾಗದ ಮದ್ರಾಸ್ ಸರ್ಕಾರ ಅಡ್ಡ ನಿಂತಿತು. ಆ ತಕರಾರಿಗೆ 1924ರಲ್ಲಿ ಒಪ್ಪಂದವಾಯಿತು, ಜಗಳ ಮಾತ್ರ ಇವತ್ತಿಗೂ ಟೀವಿಯಲ್ಲಿ ಬರುತ್ತದೆ. ಕನ್ನಂಬಾಡಿ ಎಂಬ ಹಳ್ಳಿ, ಅದರ ಅಕ್ಕಪಕ್ಕದ ಹಳ್ಳಿಗಳು ನೀರಿನಡಿ ಹೋದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿಯ ವೇಣುಗೋಪಾಲಸ್ವಾಮಿ ಗುಡಿ ನೀರಿನಿಂದ ತಲೆ ಎತ್ತುತ್ತಿತ್ತು. ಆ ಗುಡಿಯನ್ನು ಈಗ ಹೊಸ ಕನ್ನಂಬಾಡಿಯಲ್ಲಿ ಎತ್ತಿ ಕಟ್ಟಿದ್ದಾರೆ.

ಇನ್ನೊಂದನ್ನೂ ಬಚ್ಚಿಡುವುದಿಲ್ಲ. 1918ರಲ್ಲಿ ಮಹಾರಾಜರು ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೂ ಪಾಲು ಸಿಗಬೇಕೆಂದು ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯ ಒಪ್ಪಲಿಲ್ಲ. ಪರೀಕ್ಷೆಯ ಅಂಕವೇ ಅಳತೆಯಾಗಬೇಕು ಎಂಬ ವಾದ ಅವರದು. ಶಾಲೆಯ ಬಾಗಿಲೇ ಕಾಣದ ಮನೆಯ ಮಕ್ಕಳು ಅಂಕ ತರುವುದೆಲ್ಲಿಂದ? ಈ ವಿಷಯದಲ್ಲಿ ನಾನು ಮಹಾರಾಜರ ಕಡೆ. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಕಟ್ಟೆ ಆಗಿನ್ನೂ ಅರ್ಧಂಬರ್ಧ.

ಮಂಡ್ಯದ ಗದ್ದೆಗೆ ನೀರುಣಿಸುವ ದೊಡ್ಡ ನಾಲೆ ಹರಿದದ್ದು ಇನ್ನೂ ಮುಂದೆ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ. ಅಡ್ಡ ಬಂದ ಗುಡ್ಡವನ್ನು ಹುಲಿಕೆರೆಯ ಹತ್ತಿರ ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ ಕೊರೆದು ಸುರಂಗ ಮಾಡಿದರು. ಇಷ್ಟಾಗಿ ನಾಲೆಗೆ ಇಟ್ಟದ್ದು ವೈಸ್‌ರಾಯ್ ಇರ್ವಿನ್‌ನ ಹೆಸರು! ಒಂದು ಗುದ್ದಲಿಯನ್ನೂ ಎತ್ತದ ಆಸಾಮಿ. ಆಮೇಲೆ ಹೆಸರು ಬದಲಾಗಿ ವಿಶ್ವೇಶ್ವರಯ್ಯ ನಾಲೆಯಾಯಿತು. ಬಾಯಿಮಾತಿನಲ್ಲಿ ವಿ.ಸಿ. ನಾಲೆ.

ರಸಪ್ರಶ್ನೆ ಮುಗಿದ ಮೇಲೆ ತಾತನನ್ನು ಹಿಡಿದು ಕೂರಿಸಿ, ನಿಮ್ಮೂರಲ್ಲಿ ನಾಲೆಗೆ ಏನಂತೀರಿ ಎಂದು ಕೇಳಿದೆ. ಅವರಪ್ಪ ಕೊನೆತನಕ ‘ಇರ್ವಿನ್ ನಾಲೆ’ ಅಂತಲೇ ಅನ್ನುತ್ತಿದ್ದರಂತೆ. ತಾತನ ಮನೆಯ ಗೋಡೆಯಲ್ಲಿ ಪೇಟದ ವಿಶ್ವೇಶ್ವರಯ್ಯನವರೂ ಇದ್ದಾರೆ, ನಾಲ್ವಡಿಯವರೂ ಇದ್ದಾರೆ. ಎರಡು ಪಟಗಳಿಗೂ ಒಂದೇ ಅಳತೆಯ ಹಾರ.

ಆಮೇಲೆ ತಾತ ನೀರು ಬಿಡುವ ದಿನದ ಕಥೆ ತೆಗೆದರು. ಬೇಸಿಗೆಯಲ್ಲಿ ನಾಲೆ ಒಣಗಿ ಬಿರುಕು ಬಿಟ್ಟಿರುತ್ತಿತ್ತಂತೆ. ಹುಡುಗರು ಅದರೊಳಗೇ ಗೋಲಿ ಆಡುತ್ತಿದ್ದರು. ಒಂದು ದಿನ ಮೇಲಿನ ಊರಿಂದ ಯಾರೋ ಸೈಕಲ್ಲಿನಲ್ಲಿ ಕೂಗುತ್ತ ಬರೋರು. ಹಿಂದೆಯೇ ನೀರು: ಮೊದಲು ಒಂದು ಗೇಣು, ಕೆಂಚು ಬಣ್ಣ, ಮುಂದೆ ನೊರೆ, ನೊರೆಯಲ್ಲಿ ತರಗೆಲೆ, ಮುರುಕು ಬುಟ್ಟಿ, ಯಾರದೋ ಒಂಟಿ ಚಪ್ಪಲಿ. ಹುಡುಗರು ಗೋಲಿ ಬಾಚಿಕೊಂಡು ನೀರಿನ ಮುಂದೆ ಮುಂದೆ ಓಡೋರು, ಕಾಲಿಗೆ ತಾಕುವ ತನಕ. ‘ನೀರ್ ಬುಟ್ಟವ್ರೆ! ನೀರ್ ಬುಟ್ಟವ್ರೆ!’ ತಾತ ಎಷ್ಟು ಜೋರಾಗಿ ಕೂಗಿ ತೋರಿಸಿದರೆಂದರೆ, ಕುರ್ಚಿ ಮಡಚುತ್ತಿದ್ದ ಹುಡುಗರೆಲ್ಲ ಅಲ್ಲಲ್ಲೇ ನಿಂತರು.